ಎರಡು ರೂಪಾಯಿಯ ಗವರ್ನರ್

ಮಧುಕರ ಹುಯಿಲಗೋಳರ ಸಹಿ ಬಹಳ ಚೆಂದ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಧಾರವಾಡದಿಂದ ವರ್ಗವಾಗಿ ನಾಸಿಕಕ್ಕೆ ಬಂದು ನೆಲೆ ನಿಂತ ಬ್ಯಾಂಕಿನವರು ಅವರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಓದದೆ ಸಹಿ ಹಾಕಿದ ಕಾಗದಗಳಿರಬಹುದು, ಆದರೆ ಕೆಟ್ಟದಾಗಿ ಸಹಿ ಹಾಕಿದ ಕಾಗದ ಒಂದೂ ಇಲ್ಲ. ಮೊದಲು ದುಂಡನೆಯ ‘ಮ’, ಅದರ ಹಿಂದೆ ಸಾಲಾಗಿ ಉಳಿದ ಅಕ್ಷರಗಳು, ಅಡಿಯಲ್ಲಿ ಎರಡು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಆ ಚುಕ್ಕೆ ಯಾತಕ್ಕೆ ಎಂದು ಯಾರಾದರೂ ಕೇಳಿದರೆ, “ಅವು ಇಲ್ಲಂದ್ರ ಖೋಟಾ ಅಂತ ತಿಳೀಬೇಕು,” ಎನ್ನುವರು. ಅವರ ಸಹಿಯನ್ನು ಖೋಟಾ ಮಾಡುವಷ್ಟು ಪುರುಸೊತ್ತು ಯಾರಿಗಿತ್ತೋ ತಿಳಿಯದು.

ಹೊಸ ನೋಟು ಕೈಗೆ ಬಂದಾಗ ಉಳಿದವರು ಬೆಲೆ ನೋಡಿದರೆ ಹುಯಿಲಗೋಳರು ಗವರ್ನರರ ಸಹಿ ನೋಡುವರು. “ಸಹಿ ಅಂದ್ರ ಹಿಂಗ ನೋಟಿನ ಮ್ಯಾಲ ಬೀಳಬೇಕು ನೋಡು,” ಎಂದು ಹೆಂಡತಿ ಮೃದುಲಾಗೆ ಹೇಳುವರು. “ಮೊದಲ ಗ್ಯಾಸಿನ ಫಾರ್ಮಿನ ಮ್ಯಾಲ ಬೀಳಲ್ರಿ, ಹದಿನೈದು ದಿನಾ ಆತು,” ಎಂದು ಆಕೆ ಉತ್ತರ ಕೊಡುವರು.

ಎರಡು ಸಾವಿರದ ಹತ್ತರ ನವೆಂಬರಿನಲ್ಲಿ ನಾಸಿಕದಿಂದ ಚಿಲ್ಲರೆ ಕಾಣೆಯಾಯಿತು. ದೇಶದ ನೋಟು ಅಚ್ಚಾಗುವ ಕಾರ್ಖಾನೆ ಇರುವ ಊರು. ಅಲ್ಲೇ ಎರಡು ರೂಪಾಯಿಯ ನಾಣ್ಯಕ್ಕೆ ಬರ. ಅಂಗಡಿಯವರು ಚಿಲ್ಲರೆಯ ಬದಲು ಪೆಪ್ಪರಮಿಂಟು ಕೊಡತೊಡಗಿದರು. ಸಕ್ಕರೆ ಕಾಯಿಲೆಯ ಹುಯಿಲಗೋಳರ ಮನೆಯಲ್ಲಿ ಮೂರು ಡಬ್ಬಿ ಪೆಪ್ಪರಮಿಂಟು ಕೂಡಿತ್ತು.

ಅದೇ ತಿಂಗಳು ಕನ್ನಡ ಸಂಘದವರು ರಾಜ್ಯೋತ್ಸವದ ನೆಪದಲ್ಲಿ ಪ್ರತಿ ಭಾನುವಾರ ತಿಂಡಿ ಅಂಗಡಿ ಹಾಕುತ್ತಿದ್ದರು. ಹುಯಿಲಗೋಳರು ಸಂಘದ ಕಾರ್ಯದರ್ಶಿ. ಗಿರ್ಮಿಟ್ಟು ಮತ್ತು ಮಿರ್ಚಿ ಸೇರಿ ಎಂಟು ರೂಪಾಯಿ. ಬಂದವರೆಲ್ಲ ಹತ್ತರ ನೋಟು ಚಾಚುವವರೇ. ಎರಡು ರೂಪಾಯಿ ಎಲ್ಲಿಂದ ತರುವುದು?

“ಒಂದ ಮಿರ್ಚಿ ಜಾಸ್ತಿ ಇಟ್ಟು ಹತ್ತ ರೂಪಾಯಿ ಮಾಡ್ರಿ,” ಎಂದರು ಮೃದುಲಾ. ಇಷ್ಟು ಸರಳವಾದ ಮಾತು ಯಾವ ಕಾರ್ಯಕಾರಿ ಸಮಿತಿಯ ತಲೆಗೂ ಹೋದದ್ದಿಲ್ಲ. “ಇಲ್ಲಾಂದ್ರ ‘ಎರಡು ರೂಪಾಯಿ ಬಾಕಿ’ ಅಂತ ಬರದ ಒಂದ ಚೀಟಿ ಕೊಡ್ರಿ, ಮುಂದಿನ ವಾರ ಮುರ್ಕೊಳ್ರಿ.”

“ಬಾಕಿ?” ಹುಯಿಲಗೋಳರಿಗೆ ನೋವಾಯಿತು. “ಇಪ್ಪತ್ತಾರು ವರ್ಷ ಬ್ಯಾಂಕಿನ್ಯಾಗ ದುಡದಾಂವಾ ನಾನು. ಕಿರಾಣಿ ಅಂಗಡ್ಯಾಂವನ ಹಂಗ ಬಾಕಿ ಅಂತ ಬರೀಲೇನು? ಒಂದ ಭಾಷಾ ಇರತದ ಅದಕ್ಕ.”

ಬೇರೆ ಯಾರಾದರೂ ಆಗಿದ್ದರೆ ‘ಒಂದು ಮಿರ್ಚಿ’ ಎಂದು ಬರೆದು ಸುಮ್ಮನಾಗುತ್ತಿದ್ದರು. ಮಾಡಬಾರದ ತಪ್ಪನ್ನು ಇಷ್ಟು ಶುದ್ಧವಾದ ಭಾಷೆಯಲ್ಲಿ ಮಾಡುವುದಕ್ಕೆ ಬ್ಯಾಂಕಿನವರೇ ಬೇಕು. ಲಗ್ನಪತ್ರಿಕೆ ಅಚ್ಚು ಹಾಕುವ ಜಯಕರನ ಅಂಗಡಿಯಲ್ಲಿ ಮುನ್ನೂರು ಚೀಟಿ ತಯಾರಾದವು. ಯಾರದೋ ಮದುವೆಯಲ್ಲಿ ಉಳಿದ ದಪ್ಪ ಕಾಗದ, ಸುತ್ತ ಹಸಿರು ಬಳ್ಳಿ, ಮೂಲೆಯಲ್ಲಿ ನಂಬರು. ನಡುವೆ ಹೀಗಿತ್ತು: ‘ಈ ಚೀಟಿಯ ಧಾರಕರು ಕೇಳಿದ ಕೂಡಲೇ ಅವರಿಗೆ ಎರಡು ರೂಪಾಯಿ ಸಲ್ಲಿಸುವುದಾಗಿ ವಚನ ನೀಡುತ್ತೇನೆ.’ ಕೆಳಗೆ ಗೆರೆ, ಚುಕ್ಕೆ ಸಮೇತ ಮುನ್ನೂರು ಸಹಿ. ಮೊದಲನೆಯದಕ್ಕೂ ಮುನ್ನೂರನೆಯದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಚೀಟಿಗಳು ಓಡಿದವು. ಹುಯಿಲಗೋಳರು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಓಡಿದವು. ಮೊದಲ ಭಾನುವಾರ ಗಿರ್ಮಿಟ್ಟಿಗೆ ಕೊಟ್ಟದ್ದನ್ನು ಮಂಗಳವಾರ ರಿಕ್ಷಾದ ಮಹಿಬೂಬ ಬಾಡಿಗೆಗೆ ಹಿಡಿದ. ಬುಧವಾರ ತರಕಾರಿಯ ತುಕಾರಾಮ ಕೊತ್ತಂಬರಿಗೆ ಹಿಡಿದ. ಸಂಘದ ಹಿಂದಿನ ಕಟ್ಟಡದ ಕೆಲಸಕ್ಕೆ ಸಿಂದಗಿ ಕಡೆಯಿಂದ ಬಂದಿದ್ದ ಮಲಕವ್ವ ತಿಂಡಿ ಅಂಗಡಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಅವಳ ಎಂಬತ್ತು ರೂಪಾಯಿಯನ್ನು ಹುಯಿಲಗೋಳರು ನಲವತ್ತು ಹೊಸ ಚೀಟಿಯಾಗಿ, ಗರಿಗರಿಯಾಗಿ, ತಮ್ಮ ಕೈಯಾರೆ ಎಣಿಸಿ ಕೊಟ್ಟರು. ಅಂದಿನಿಂದ ಅವರ ನಡಿಗೆಯೇ ಬೇರೆಯಾಯಿತು. ಬೀದಿಯಲ್ಲಿ ಯಾರ ಕೈಯಲ್ಲಾದರೂ ಹಸಿರು ಅಂಚು ಕಂಡರೆ ಮೀಸೆಯ ಒಳಗೇ ನಗುವರು.

ಅದರ ಮೇಲೆ ಇನ್ನೊಂದು ಸಂತೋಷ. ಓಝರ್ ಶಾಖೆಗೆ ಮ್ಯಾನೇಜರ್ ಆಗಿ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಬಂತು. ಮೂರು ಸಲ ತಪ್ಪಿದ ಬಡ್ತಿ ಅದು. ಇನ್ನು ಉಳಿದದ್ದು ಒಂದೇ: ‘ನನ್ನ ಮೇಲೆ ಯಾವ ಅಪರಾಧವೂ ಇಲ್ಲ, ಬರುವ ಸಂಭವವೂ ಇಲ್ಲ’ ಎಂಬ ಕಾಗದಕ್ಕೆ ಬುಧವಾರದೊಳಗೆ ಸಹಿ ಮಾಡಿ ಕಳಿಸುವುದು. ಸಹಿ ಎಂದರೆ ಕೇಳಬೇಕೆ! ಶನಿವಾರ ಸಂಜೆ ಅವರು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾಗ ಕೆಳಮನೆಯ ವಿಶ್ವನಾಥಪ್ಪನವರು ಬಾಗಿಲು ಬಡಿದರು.

ಕಲಬುರ್ಗಿಯ ವಿಶ್ವನಾಥಪ್ಪನವರು ಯಾವುದೋ ಬ್ಯಾಂಕಿನ ಕಾಯ್ದೆ ವಿಭಾಗದಲ್ಲಿದ್ದು ನಿವೃತ್ತರಾದವರು. ನೌಕರಿ ಬಿಟ್ಟರೂ ಕಾಯ್ದೆ ಅವರನ್ನು ಬಿಟ್ಟಿರಲಿಲ್ಲ. ಈಗ ಅವರ ಒಂದು ಕೈಯಲ್ಲಿ ಇಟ್ಟಿಗೆಯಂಥ ಪುಸ್ತಕ, ಇನ್ನೊಂದು ಕೈಯಲ್ಲಿ ಹಸಿರು ಅಂಚಿನ ಚೀಟಿ.

“ಹುಯಿಲಗೋಳರ, ಇದರ ಮ್ಯಾಲಿನ ಸಹಿ ನಿಮ್ದ ಏನು?”

“ಚುಕ್ಕಿ ಅದಾವಲ್ರಿ, ನಂದ,” ಎಂದರು ಹುಯಿಲಗೋಳರು ಹೆಮ್ಮೆಯಿಂದ.

“ಖರೇ ಹೇಳಿದ್ರಿ. ಮುಂದ ಕೋರ್ಟಿನ್ಯಾಗೂ ಹಿಂಗೇ ಹೇಳ್ರಿ.” ವಿಶ್ವನಾಥಪ್ಪ ಕುರ್ಚಿ ಎಳೆದು ಕೂತರು. “ಈ ದೇಶದಾಗ ನೋಟು ಯಾರು ಹಾಕಬೇಕು ಅನ್ನೋದಕ್ಕ ಒಂದ ಇತಿಹಾಸ ಅದರಿ. ಮೊದಲ ಮುಂಬೈ, ಮದ್ರಾಸ್, ಬಂಗಾಲದ ಬ್ಯಾಂಕಿನವರು ತಮ್ಮ ತಮ್ಮ ನೋಟು ಹಾಕ್ತಿದ್ರು. ಹದಿನೆಂಟನೂರಾ ಅರವತ್ತೊಂದರಾಗ ಕಾಯ್ದೆ ಬಂತು. ಅಷ್ಟ ದೊಡ್ಡ ಬ್ಯಾಂಕಿನ ಕೈಯಿಂದ ಸುದ್ದಾ ಸರಕಾರ ಆ ಹಕ್ಕ ಕಸ್ಕೊಂಡ್ತು. ಅಂಥಾವ್ರದೇ ನಡೀಲಿಲ್ಲ, ನೀವು ಯಾವ ಗಿಡದ ತಪ್ಪಲು?”

ಹುಯಿಲಗೋಳರ ಪೆನ್ನಿನ ಮುಚ್ಚಳ ಜಾರಿ ಮಂಚದ ಕೆಳಗೆ ಹೋಯಿತು.

“ನಮ್ಮ ನಿಜಾಮರ ಸೀಮಿ, ಕಲಬುರ್ಗಿ, ಔರಂಗಾಬಾದ್ ಎಲ್ಲಾ, ಅಲ್ಲಿ ಬ್ಯಾರೆ ರೊಕ್ಕ. ಆದ್ರ ನಿಜಾಮರು ಸುದ್ದಾ ಹತ್ತೊಂಬತ್ತನೂರಾ ಹದಿನೆಂಟರಾಗ ಕಾಯ್ದೆ ಮಾಡೇ ನೋಟು ಹಾಕಿದ್ರು. ಸಂಸ್ಥಾನ ಹೋತು, ಅವರ ನೋಟೂ ಹೋತು. ನಮ್ಮಜ್ಜನ ಪೆಟಗ್ಯಾಗ ಎರಡ ಉಳದಿದ್ದು, ನಾವು ಗಾಳಿಪಟ ಮಾಡಿದ್ವಿ. ಹತ್ತೊಂಬತ್ತನೂರಾ ಮೂವತ್ನಾಲ್ಕರಾಗ ರಿಸರ್ವ್ ಬ್ಯಾಂಕಿನ ಕಾಯ್ದೆ. ಅದರ ಮೂವತ್ತೊಂದನೇ ಕಲಂ ಕೇಳ್ರಿ. ‘ಧಾರಕರಿಗೆ, ಕೇಳಿದ ಕೂಡಲೇ, ರೊಕ್ಕ ಕೊಡತೀನಿ’ ಅಂತ ರಿಸರ್ವ್ ಬ್ಯಾಂಕು, ಕೇಂದ್ರ ಸರಕಾರ ಬಿಟ್ಟು ಬ್ಯಾರೆ ಯಾರೂ ಬರದ ಕೊಡೂ ಹಂಗಿಲ್ಲ. ನೀವು ಒಂದ ಅಕ್ಷರ ತಪ್ಪಿಲ್ಲದ ಅದನ್ನ ಬರದೀರಿ!”

“ಬರೇ ಎರಡ ರೂಪಾಯಿದು ಅದರಿ ಅದು…”

“ಅದ ಇನ್ನೂ ದೊಡ್ಡ ತಪ್ಪ್ರೀ! ಭಾರತ ಸರಕಾರದ ಹೆಸರಿನ್ಯಾಗ ಬರೂದು ಒಂದ ರೂಪಾಯಿ ನೋಟು. ನೀವು ಅದರ ದುಪ್ಪಟ್ಟ ಹಾಕೀರಿ!”

ಇಷ್ಟು ಹೇಳಿ ವಿಶ್ವನಾಥಪ್ಪ ಪುಸ್ತಕ ಮುಚ್ಚಿದರು. ವಾದದಲ್ಲಿ ಗೆದ್ದ ಕೂಡಲೇ ಪುಸ್ತಕ ಮುಚ್ಚುವುದು ಅವರ ರೂಢಿ. ಮೃದುಲಾ ತಂದಿಟ್ಟ ಚಹಾ ಕುಡಿದು, ಸಹಿಗೆ ಕಾದಿದ್ದ ಕಾಗದದತ್ತ ಕಣ್ಣು ಹಾಯಿಸಿ, “ಬುಧವಾರದೊಳಗ ಎಲ್ಲಾ ಚೀಟಿ ವಾಪಸ್ ತಂದ್ರ ನೋಡ್ರಿ,” ಎಂದು ಸಮಾಧಾನದಂಥ ಒಂದು ಮಾತು ಹೇಳಿ ಇಳಿದು ಹೋದರು.

ಹುಯಿಲಗೋಳರ ಕಣ್ಣ ಮುಂದೆ ಓಝರಿನ ತಿರುಗುವ ಕುರ್ಚಿ ಒಂದು ಸುತ್ತು ತಿರುಗಿ ಬೆನ್ನು ತೋರಿಸಿತು. ಬಡ್ತಿ ಹಾಳಾಗಲಿ, ಇದ್ದ ನೌಕರಿಗೇ ಕುತ್ತು. ಸಂಭವವಿಲ್ಲ ಎಂದು ಸಹಿ ಮಾಡಿದರೆ ಸುಳ್ಳು, ಮಾಡದಿದ್ದರೆ ಸಂಶಯ. ಮನುಷ್ಯನಿಗೆ ಜೀವನದಲ್ಲಿ ಮೊದಲ ಸಲ ತನ್ನ ಸಹಿ ಕಂಡರೆ ಹೆದರಿಕೆಯಾಯಿತು.

ಭಾನುವಾರ ಬೆಳಗ್ಗೆ ಕೈಚೀಲ ಹಿಡಿದು ಹೊರಟರು. ಅವರ ಯೋಜನೆ ಗುಟ್ಟಾಗಿ, ತಣ್ಣಗೆ, ಯಾರಿಗೂ ಗೊತ್ತಾಗದಂತೆ ಚೀಟಿ ಮರಳಿ ಪಡೆಯುವುದು. ಆದರೆ ಹಣೆಯಿಂದ ಬೆವರು ಸುರಿಸುತ್ತ, ಅತ್ತಿತ್ತ ನೋಡುತ್ತ, “ಆ ಹಸಿರು ಚೀಟಿ ಇದ್ರ ಈಗಿಂದೀಗ ಕೊಡು” ಎಂದು ಪಿಸುಗುಟ್ಟುವ ಬ್ಯಾಂಕಿನವರನ್ನು ನೋಡಿದರೆ ಮಾರುಕಟ್ಟೆಗೆ ಏನು ಅನ್ನಿಸಬೇಕೋ ಅದೇ ಅನ್ನಿಸಿತು. ತುಕಾರಾಮ ಮೊದಲ ಹತ್ತನ್ನು ಎರಡರಂತೆ ಕೊಟ್ಟ. ಹನ್ನೊಂದನೆಯದಕ್ಕೆ ತಕ್ಕಡಿ ಕೆಳಗಿಟ್ಟು, “ಸಾಹೇಬ, ಆತಾ ತೀನ ರುಪಯೇ,” ಎಂದ.

“ಮೂರು? ಎರಡು ಅಂತ ಅದರ ಮ್ಯಾಲೆ ಬರದೈತಲ್ಲೋ!”

“ಬರದಾವ್ರ ಹುಡಕ್ಕೊಂಡ ಬಂದಾರ ಅಂದ್ರ ಭಾವ ಏರತೈತಿ ಬಿಡ್ರಿ,” ಎಂದು ಪಕ್ಕದಲ್ಲಿ ನಿಂತಿದ್ದ ಮಹಿಬೂಬ ಕನ್ನಡದಲ್ಲಿ ತಿಳಿಹೇಳಿದ. ಅವನ ಹತ್ತಿರವೂ ಹದಿನೆಂಟು ಇದ್ದವು. ಅವನು ಐದರಂತೆ ಕೊಟ್ಟ, ಅದೂ ನಮ್ಮ ಕಡೆಯವರು ಎಂಬ ಪ್ರೀತಿಗೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ, ಕರ್ನಾಟಕದ ಬ್ಯಾಂಕಿನವರೊಬ್ಬರು ಹಸಿರು ಚೀಟಿ ಕೊಳ್ಳುತ್ತಿದ್ದಾರೆ, ಒಳಗೆ ಏನೋ ಇದೆ ಎಂದು ಸುದ್ದಿಯಾಯಿತು. ಜಯಕರ ಓಡಿ ಬಂದು, “ಇನ್ನೂ ಐದುನೂರು ಹಾಕಿ ಕೊಡ್ಲೇನ್ರಿ, ಸಹಿ ನೀವು ಮಾಡ್ರಿ, ಲಾಭ ಅರ್ಧಾ ಅರ್ಧಾ,” ಎಂದ. ಹುಯಿಲಗೋಳರು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದರು.

ಸೋಮವಾರ ಸಂಜೆ ಇನ್ನೂರ ಅರವತ್ತು ಚೀಟಿ ಕೂಡಿದವು. ಉಳಿದದ್ದು ಮಲಕವ್ವನ ನಲವತ್ತು. ಸಂಘದ ಹಿಂದೆ ಹೋಗಿ ನೋಡಿದರೆ ಶೆಡ್ಡುಗಳಿದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆ ಮಾತ್ರ ಉಳಿದಿತ್ತು. ಕೆಲಸ ಮುಗಿದು ಇಡೀ ತಂಡ ಔರಂಗಾಬಾದಿಗೆ ಹೋಗಿತ್ತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತೇವಲ್ಲ, ಅಲ್ಲಿಗೆ. ಖುಲ್ತಾಬಾದ್ ರಸ್ತೆಯಲ್ಲಿ ಹೊಸ ಕಟ್ಟಡ ಏಳುತ್ತಿದೆ, ಅಲ್ಲಿ ಎಂದು ಕಾವಲುಗಾರ ಹೇಳಿದ.

ಮಂಗಳವಾರ ಬೆಳಗ್ಗೆ ರಜೆ ಹಾಕಿ ರೈಲು ಹತ್ತಿದರು. ಮನೆಯಲ್ಲಿಟ್ಟರೆ ಸಿಕ್ಕಿಬೀಳಬಹುದು ಎಂದು ಇನ್ನೂರ ಅರವತ್ತು ಚೀಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟಿದ್ದರು. ಕಳ್ಳ ಮಾಲನ್ನು ಮೈಮೇಲೆ ಹೊತ್ತು ತಿರುಗುವ ಈ ಬುದ್ಧಿವಂತಿಕೆ ಎಲ್ಲರಿಗೂ ಬರುವಂಥದ್ದಲ್ಲ. ಮನ್ಮಾಡಿನಲ್ಲಿ ಅವರ ಎದುರು ಸೀಟಿಗೆ ಬಂದು ಕೂತದ್ದು ಒಬ್ಬ ಪೊಲೀಸ್ ಹವಾಲ್ದಾರ.

ಹುಯಿಲಗೋಳರು ಚೀಲವನ್ನು ಎದೆಗೆ ಅವಚಿದರು. ಹವಾಲ್ದಾರ ಚೀಲ ನೋಡಿದ. ಹುಯಿಲಗೋಳರು ಕಿಟಕಿ ನೋಡಿದರು. ಹವಾಲ್ದಾರ ಹುಯಿಲಗೋಳರನ್ನು ನೋಡಿದ.

“ಪಿಶವೀತ ಕಾಯ್ ಆಹೆ?” ಚೀಲದಲ್ಲಿ ಏನಿದೆ ಎಂದು ಕೇಳಿದ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. “ನೋಟು,” ಎಂದುಬಿಟ್ಟಿತು.

ಹವಾಲ್ದಾರ ಚೀಲಕ್ಕೆ ಕೈ ಹಾಕಿ ಒಂದು ಚೀಟಿ ತೆಗೆದ. ಹಿಂದೆ ಮುಂದೆ ತಿರುಗಿಸಿದ. ಬೆಳಕಿಗೆ ಹಿಡಿದ. ಹುಯಿಲಗೋಳರಿಗೆ ಬಡ್ತಿ, ಪಿಂಚಣಿ, ಗ್ರಾಚ್ಯುಟಿ ಎಲ್ಲ ಒಂದೊಂದಾಗಿ ಕಿಟಕಿಯಿಂದ ಹೊರಗೆ ಹಾರಿಹೋಗುವುದು ಕಾಣಿಸಿತು. ಹವಾಲ್ದಾರ ಕನ್ನಡದ ಸಾಲುಗಳ ಮೇಲೆ ಬೆರಳಾಡಿಸಿ, ಆ ದುಂಡು ಸಹಿಯ ಹತ್ತಿರ ನಿಂತು, ಗೆರೆ ನೋಡಿ, ಚುಕ್ಕೆ ನೋಡಿ, ಥಟ್ಟನೆ ಟೋಪಿ ತೆಗೆದ.

“ಕುಠಲ್ಯಾ ದೇವಾಚಂ?” ಯಾವ ದೇವರದು ಎಂದು ಕೇಳಿದ.

ಉತ್ತರಕ್ಕೆ ಕಾಯಲಿಲ್ಲ. ಹವಾಲ್ದಾರ ಚೀಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಡಚಿ, ಸಮವಸ್ತ್ರದ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿದ. ಮುಂದಿನ ನಿಲ್ದಾಣದಲ್ಲಿ ಇಳಿಯುವಾಗ ಹುಯಿಲಗೋಳರ ಕಾಲು ಮುಟ್ಟಿ ನಮಸ್ಕರಿಸಿದ. ಹೀಗೆ ಒಂದು ಚೀಟಿ ಸಾಕ್ಷಾತ್ ಪೊಲೀಸರ ವಶವಾಯಿತು.

ಖುಲ್ತಾಬಾದ್ ರಸ್ತೆಯ ಕಟ್ಟಡದ ಪಕ್ಕ ತಗಡಿನ ಶೆಡ್ಡುಗಳ ಸಾಲು. ನಡುವೆ ಒಲೆ ಹೂಡಿ ಮಲಕವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ನಿಂತ ಗಾರೆ ಕೆಲಸದವನು ಒಂದು ಹಸಿರು ಚೀಟಿ ಕೊಟ್ಟು ಒಂದು ರೊಟ್ಟಿ ತೆಗೆದುಕೊಂಡ. ಇಲ್ಲಿಯೂ ಓಡುತ್ತಿದೆ!

“ಸಾಹೇಬ್ರ! ನೀವ್ಯಾಕ ಬಂದ್ರಿ ಇಲ್ಲೀತನಾ?” ಮಲಕವ್ವ ಕೈ ಒರೆಸಿಕೊಂಡು ಎದ್ದಳು. “ನಿಮ್ಮ ಚೀಟಿ ಬಾಳ ಚೊಲೋ ಅದಾವ್ರಿ. ಅಂಗಡ್ಯಾಂವ ಚಿಲ್ಲರ ಕೇಳಿದ್ರ ಪೆಪ್ಪರಮಿಟ್ಟ ಕೊಡತಾನ. ಪೆಪ್ಪರಮಿಟ್ಟ ತಿಂದ ಗ್ವಾಡಿ ಕಟ್ಟೂದಾಗತೈತೇನ್ರಿ? ನಮ್ಮ ನಮ್ಮೊಳಗ ಇವ ನಡಸೀವಿ. ರೊಟ್ಟಿಗೂ ಇದ, ಕ್ಷೌರಕ್ಕೂ ಇದ.”

“ಅವನ್ನ ವಾಪಸ್ ಕೊಡವಾ. ರೊಕ್ಕ ಕೊಡತೀನಿ.”

“ಯಾಕ್ರಿ? ಕೇಳಿದ ಕೂಡ್ಲೆ ಕೊಡತೀನಿ ಅಂತ ಬರದೀರಂತಲ್ಲ. ನಾ ಎಲ್ಲಿ ಕೇಳೀನ್ರಿ?”

ರಿಸರ್ವ್ ಬ್ಯಾಂಕಿನವರಿಗೂ ಈ ಪ್ರಶ್ನೆ ಯಾರೂ ಹಾಕಿರಲಿಕ್ಕಿಲ್ಲ. ಹುಯಿಲಗೋಳರು ಐದರಂತೆ ಕೊಡುತ್ತೇನೆ ಎಂದರು. ಮಲಕವ್ವನ ಹುಬ್ಬು ಗಂಟಿಕ್ಕಿತು. ಹತ್ತರಂತೆ ಎಂದರು. ಅವಳು ಚೀಟಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಎರಡರದಕ್ಕ ಹತ್ತ ಕೊಡಾವ್ರನ್ನ ನಾ ನೋಡಿಲ್ರಿ. ಖರೇ ಏನೈತಿ ಹೇಳ್ರಿ.”

ಹುಯಿಲಗೋಳರು ಇಟ್ಟಿಗೆಯ ರಾಶಿಯ ಮೇಲೆ ಕುಸಿದು ಕೂತರು. ಮೂರು ದಿನದಿಂದ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. “ಅವು ನಾ ಮಾಡಬಾರದಿತ್ತವಾ. ಸರಕಾರ ಮಾಡೂ ಕೆಲಸ ನಾ ಮಾಡೀನಿ. ನಾಳೆ ನನ್ನ ನೌಕರಿ ಹೋಗತದ. ಜೇಲೂ ಆಗಬಹುದು.”

ಮಲಕವ್ವ ಶೆಡ್ಡುಗಳ ಕಡೆ ತಿರುಗಿ ಕೂಗಿದಳು: “ಏ ಹನುಮವ್ವಾ! ಚನಬಸವ್ವಾ! ಎಲ್ಲಾರೂ ಬರ್ರಿ! ಸಾಹೇಬ್ರು ಜೇಲಿಗೆ ಹೊಂಟಾರ!”

ಮಂದಿ ಕೂಡಿತು. ಯಾರೂ ವ್ಯಾಪಾರದ ಮಾತಾಡಲಿಲ್ಲ. ಒಬ್ಬೊಬ್ಬರಾಗಿ ಬಂದು ಚೀಟಿ ತಂದು ಅವರ ಮಡಿಲಿಗೆ ಹಾಕಿದರು. ನಲವತ್ತೂ ಬಂದವು. ಹುಯಿಲಗೋಳರು ದುಡ್ಡು ಕೊಡಲು ಕಿಸೆಗೆ ಕೈ ಹಾಕುವಷ್ಟರಲ್ಲಿ ಹನುಮವ್ವ ಸೆರಗಿನ ತುದಿ ಬಿಚ್ಚಿ ಎರಡು ರೂಪಾಯಿಯ ಒಂದು ನಾಣ್ಯ ತೆಗೆದು ಚೀಟಿಗಳ ಮೇಲೆ ಇಟ್ಟಳು. “ಇದ ನಿಮ್ಮ ವಕೀಲಗ ಇರಲ್ರಿ. ನಿಮ್ಮ ಮನ್ಯಾಗ ಹೆಣ್ಮಗಳು ಒಬ್ಬಾಕಿ ಆಗತಾಳ.” ಅವಳ ಹಿಂದೆ ಚನಬಸವ್ವ, ಅವಳ ಹಿಂದೆ ಗಾರೆಯವನು. ಇಡೀ ನಾಸಿಕ ಜಿಲ್ಲೆ ಹುಡುಕಿದರೂ ಸಿಗದಿದ್ದ ಚಿಲ್ಲರೆ ಅಲ್ಲಿ ಹುಯಿಲಗೋಳರ ಮಡಿಲಲ್ಲಿ ಬಂದು ಬೀಳತೊಡಗಿತು. ಸಂಕಟಕ್ಕೆಂದು ಮುಚ್ಚಿಟ್ಟದ್ದು ಅದು. ಅವರಿಗೆ ಅಳು ತಡೆಯಲಾಗಲಿಲ್ಲ.

ಆಗ ಮೊಬೈಲು ಬಡಿದುಕೊಂಡಿತು. ಮೃದುಲಾ.

“ರೀ, ನಿಮಗ ಶಿಕ್ಷಾ ಎಷ್ಟು ಅಂತ ಯಾರರ ಕೇಳಿದ್ರೇನು? ನೀವು ಕೇಳಿಲ್ಲ, ಅವರು ಓದಿಲ್ಲ. ನಾ ಕೆಳಗ ಹೋಗಿ ವಿಶ್ವನಾಥಪ್ಪನವರ ಕೈಲೆ ಮುಂದಿನ ಪುಟ ತೆಗಿಸಿದೆ. ತಡೀರಿ, ಅವ್ರ ಹೇಳತಾರ.”

ಆ ಕಡೆಯಿಂದ ಕೆಮ್ಮು ಕೇಳಿಸಿತು. ವಿಶ್ವನಾಥಪ್ಪನವರ ದನಿಯಲ್ಲಿ ಸೋತವರ ಸಂಕೋಚವಿತ್ತು. “ಹುಯಿಲಗೋಳರ… ಚೀಟಿ ಎಷ್ಟರದೋ, ದಂಡ ಹೆಚ್ಚಂದ್ರ ಅಷ್ಟ ಅಂತ ಅದರಿ. ಅಂದ್ರ ಒಂದಕ್ಕ ಎರಡು ರೂಪಾಯಿ. ಜೇಲು ಇಲ್ಲ. ಅದೂ ರಿಸರ್ವ್ ಬ್ಯಾಂಕಿನವರೇ ಫಿರ್ಯಾದಿ ಕೊಟ್ರ. ಚೀಟಿ ಸುಟ್ಟು, ಇದ್ದದ್ದು ಇದ್ದಂಗ ಮ್ಯಾನೇಜರಿಗೆ ಹೇಳ್ರಿ.” ಮೃದುಲಾ ಫೋನು ಕಸಿದುಕೊಂಡರು. “ಹೇಳೀನಿ ನಾನು. ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲಾ ಹೇಳೀನಿ. ಹತ್ತ ನಿಮಿಷ ನಕ್ರು. ಕಾಗದಕ್ಕ ಸಹಿ ಮಾಡಿ ಕಳಸ್ರಿ ಅಂದ್ರು. ಓಝರ್ ನಿಮ್ದ.”

ಹುಯಿಲಗೋಳರು ಫೋನು ಇಳಿಸಿದರು. ಸುತ್ತ ಮೂವತ್ತು ಮುಖಗಳು ಉಸಿರು ಹಿಡಿದು ನೋಡುತ್ತಿದ್ದವು.

“ಎಷ್ಟ ವರ್ಷ ಅಂತ್ರಿ?” ಎಂದು ಕೇಳಿದಳು ಮಲಕವ್ವ.

“ಬಿಟ್ಟಾರವಾ,” ಎಂದರು. ದಂಡ ಚೀಟಿಗೆ ಎರಡು ರೂಪಾಯಿ ಎಂದು ಆ ಮುಖಗಳಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ಎದ್ದು ಒಬ್ಬೊಬ್ಬರ ಕೈಗೂ ಅವರವರ ನಾಣ್ಯ ಮರಳಿ ಕೊಟ್ಟರು. ಚೀಟಿಯ ಎಂಬತ್ತು ರೂಪಾಯಿಯನ್ನು ನೋಟಿನಲ್ಲಿ ಎಣಿಸಿ, ಎಲ್ಲರಿಗೂ ಹಂಚೆಂದು ಮಲಕವ್ವನ ಕೈಗೆ ಹಿಡಿಸಿದರು. ಅವಳು ನೋಟು ನೋಡಿ ನಿಟ್ಟುಸಿರು ಬಿಟ್ಟಳು. “ಇದೇನೋ ಆತ್ರಿ. ಸೆರಗಿನ ರೊಕ್ಕ ಸೆರಗಿಗೆ ಹೋತು, ಅದನ್ನ ಯಾರೂ ಬಿಚ್ಚಾಂಗಿಲ್ಲ. ನಿಮ್ಮ ಚೀಟಿ ನೀವ ಒಯ್ಯತೀರಿ. ಸಂಜೀಕ ರೊಟ್ಟಿಗೆ ಚಿಲ್ಲರ ಏನ ಕೊಡ್ಲಿ?”

ಹುಯಿಲಗೋಳರು ಚೀಲದಲ್ಲಿದ್ದ ಚೀಟಿಗಳನ್ನು ಒಲೆಗೆ ಸುರಿದು, ಕೈಯಲ್ಲಿ ಉಳಿದ ನಲವತ್ತನ್ನು ನೋಡಿದರು. ಆಮೇಲೆ ಇಟ್ಟಿಗೆಯ ಮೇಲೆ ಸರಿಯಾಗಿ ಕೂತು ಪೆನ್ನು ತೆಗೆದರು. ಒಂದೊಂದರಲ್ಲೂ ವಚನದ ಸಾಲನ್ನು ಹೊಡೆದುಹಾಕಿದರು. ಆ ದುಂಡು ಸಹಿಯನ್ನು, ಗೆರೆಯನ್ನು, ಚುಕ್ಕೆಗಳನ್ನು ನಲವತ್ತು ಸಲ ತಮ್ಮ ಕೈಯಾರೆ ಅಡ್ಡಗೀಟು ಎಳೆದು ಅಳಿಸಿದರು. ಮೊದಮೊದಲು ಕೈ ಬರಲಿಲ್ಲ, ಹತ್ತು ಆದ ಮೇಲೆ ಸಲೀಸಾಯಿತು. ಹಿಂಭಾಗದಲ್ಲಿ ‘ಮಲಕವ್ವನ ಒಂದು ರೊಟ್ಟಿ’ ಎಂದು ಬರೆದರು. ರೊಟ್ಟಿ ಕೊಡುತ್ತೇನೆ ಎನ್ನುವುದನ್ನು ತಡೆಯುವ ಕಲಂ ವಿಶ್ವನಾಥಪ್ಪನವರ ಪುಸ್ತಕದಲ್ಲಿಯೂ ಇರಲಿಲ್ಲ. ಮಲಕವ್ವ ಒಲೆಯ ಮಸಿಗೆ ಹೆಬ್ಬೆರಳು ತಾಗಿಸಿ ನಲವತ್ತಕ್ಕೂ ಒತ್ತಿದಳು.

ಬೆಳಗ್ಗೆಯಿಂದ ಏನೂ ತಿಂದಿರದ ಹುಯಿಲಗೋಳರಿಗೆ ಆಗ ಹಸಿವು ತಿಳಿಯಿತು. ಬಿಸಿ ರೊಟ್ಟಿ, ಮೇಲೆ ಕೆಂಪು ಚಟ್ನಿ. ನಿಂತೇ ತಿಂದು ಮುಗಿಸಿ ಹತ್ತರ ನೋಟು ಕೊಟ್ಟರು. ಮಲಕವ್ವ ನಾಲ್ಕು ಚೀಟಿ ಎಣಿಸಿ ಚಿಲ್ಲರೆ ಕೊಟ್ಟಳು. ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿದ್ದವರು ಒಂದೊಂದನ್ನೂ ತಿರುವಿ, ಹೆಬ್ಬೆರಳಿನ ಗುರುತು ಸರಿಯಾಗಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಎದೆಯ ಕಿಸೆಯಲ್ಲಿ ಇಟ್ಟುಕೊಂಡರು.